ಬೀಗದ ಕೈ ಸಿಗುವ ಮುನ್ನ

ನೀವು ಒಶಾವಾದಲ್ಲಿ ಕೊಳ್ಳುತ್ತಿರುವುದು ಎಪ್ಪತ್ತರ ದಶಕದ ಮನೆ. ಹೊಸ ಮನೆಗಿರುವ ಟೇರಿಯನ್ ವಾರಂಟಿ ಇದಕ್ಕಿಲ್ಲ. ಆದ್ದರಿಂದ ಮನೆ ಕೈಗೆ ಬರುವ ಮುನ್ನ ಅದನ್ನು ನೋಡಿಬರುವ ಕೊನೆಯ ಭೇಟಿಯನ್ನು ಹಗುರವಾಗಿ ಎಣಿಸಬೇಡಿ.

ಮೊದಲು ಒಪ್ಪಂದ ಪತ್ರ ತೆರೆಯಿರಿ. ಒಂಟಾರಿಯೋದಲ್ಲಿ ಈ ಭೇಟಿ ತಾನಾಗಿ ಬರುವ ಹಕ್ಕಲ್ಲ, ಎಷ್ಟು ಸಲ ನೋಡಬಹುದೆಂದು ಪತ್ರದಲ್ಲೇ ಬರೆದಿರಬೇಕು. ಕಡೆಯ ಭೇಟಿಯನ್ನು ಕ್ಲೋಸಿಂಗ್‌ಗೆ, ಅಂದರೆ ಮನೆ ನಿಮ್ಮ ಹೆಸರಿಗಾಗುವ ದಿನಕ್ಕೆ, ಒಂದೆರಡು ದಿನ ಮೊದಲು ಇಟ್ಟುಕೊಳ್ಳಿ. ಕ್ಲೋಸಿಂಗ್ ದಿನವೇ ಹೋದರೆ ವಕೀಲರಿಗೆ ಏನೂ ಮಾಡಲು ಸಮಯವಿರದು.

ಗೋಡೆಯ ಬಣ್ಣ ನೋಡುತ್ತ ನಿಲ್ಲಬೇಡಿ. ಫರ್ನೇಸ್ ಹಚ್ಚಿ, ಡಿಶ್‌ವಾಷರ್ ಓಡಿಸಿ, ನಲ್ಲಿಗಳನ್ನೆಲ್ಲ ತಿರುಗಿಸಿ. ಪತ್ರದಲ್ಲಿ ನಮೂದಿಸಿದ ಫ್ರಿಜ್, ಒಲೆ ಅವೇ ಇವೆಯೇ? ಬೇಸ್‌ಮೆಂಟಿನ ಮೂಲೆಗಳನ್ನು ಕೈಯಿಂದ ಮುಟ್ಟಿಯೇ ನೋಡಿ. ಹಿಮ ಕರಗುವ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲೇ ನೀರು ಜಿನುಗುವುದು. ಬಿಸಿನೀರಿನ ಟ್ಯಾಂಕ್ ಇಲ್ಲಿ ಎಷ್ಟೋ ಮನೆಗಳಲ್ಲಿ ಬಾಡಿಗೆಯದು, ಆ ಕರಾರು ನಿಮ್ಮ ತಲೆಗೆ ಬರುತ್ತದೆಯೇ ಎಂದೂ ಕೇಳಿ.

ದೋಷ ಕಂಡರೆ ಮಾರುವವರೊಂದಿಗೆ ಬಾಗಿಲಲ್ಲಿ ಜಗಳಕ್ಕಿಳಿಯಬೇಡಿ. ಫೋಟೊ ತೆಗೆದು ಆ ಗಳಿಗೆಯಲ್ಲೇ ಏಜೆಂಟ್‌ಗೂ ವಕೀಲರಿಗೂ ಕಳಿಸಿ. ಸರಿಪಡಿಸುವ ಲಿಖಿತ ಭರವಸೆಯನ್ನೋ, ಬೆಲೆಯಲ್ಲಿ ಕಡಿತವನ್ನೋ, ಸ್ವಲ್ಪ ಹಣವನ್ನು ವಕೀಲರ ಟ್ರಸ್ಟ್ ಖಾತೆಯಲ್ಲಿ ಹಿಡಿದಿಡುವುದನ್ನೋ ಕೇಳಬಹುದು. ಎದುರು ಪಕ್ಷ ಒಪ್ಪಬೇಕು, ಅಷ್ಟೆ.

ಆದರೆ ಕೆಟ್ಟ ಡಿಶ್‌ವಾಷರ್‌ಗಾಗಿ ಕ್ಲೋಸಿಂಗ್ ನಿಲ್ಲಿಸುತ್ತೇನೆ ಎನ್ನುವುದು ಅಪಾಯ. ಮುಂಗಡ ಹೋಗಬಹುದು, ಮನೆ ಕಡಿಮೆ ಬೆಲೆಗೆ ಮರುಮಾರಾಟವಾದರೆ ಆ ನಷ್ಟಕ್ಕೂ ನಿಮ್ಮ ಮೇಲೆ ದಾವೆ ಬರಬಹುದು. ಭೇಟಿಯ ಷರತ್ತು ಪತ್ರದಲ್ಲಿ ಕಾಣದಿದ್ದರೆ ಇಂದೇ ವಕೀಲರಿಗೆ ಫೋನ್ ಮಾಡಿ.