ಹಾರುವ ಮುನ್ನ ಮಾಡಬೇಕಾದ ಲೆಕ್ಕ

ಅಮೆರಿಕದ ಏಳು ವರ್ಷದ ಬಾಲಕಿ ಜೆಸ್ಸಿಕಾ ಡುಬ್ರಾಫ್ 1996ರ ಏಪ್ರಿಲ್ 11ರಂದು ಪುಟ್ಟ ಸೆಸ್ನಾ ವಿಮಾನವೊಂದರ ಅಪಘಾತದಲ್ಲಿ ಮಡಿದಳು. ಜೊತೆಯಲ್ಲಿದ್ದ ತಂದೆಯೂ ವಿಮಾನಶಿಕ್ಷಕರೂ ಉಳಿಯಲಿಲ್ಲ. ಇಷ್ಟು ಎಳೆಯ ಮಗುವಿನ ಕೈಗೆ ವಿಮಾನವನ್ನು ಒಪ್ಪಿಸಬಹುದೆ ಎಂದು ಲೋಕವೆಲ್ಲ ಕೇಳಿತು. ತನಿಖಾ ಮಂಡಲಿಯಾದರೋ ದೋಷವನ್ನು ಹಿರಿಯರ ಯೋಜನೆಯಲ್ಲಿ ಕಂಡಿತು. ಮಕ್ಕಳನ್ನು ಸಭೆಯ ಮುಂದೆ ನಿಲ್ಲಿಸಿ ಹಿಗ್ಗುವ ನಾವೂ ಇದನ್ನು ಅರಿಯುವುದು ಒಳ್ಳೆಯದು.

ಕ್ಯಾಲಿಫೋರ್ನಿಯದ ಕಡಲತೀರದಿಂದ ಅಟ್ಲಾಂಟಿಕ್ ತೀರಕ್ಕೆ ಹೋಗಿ ಎಂಟು ದಿನಗಳಲ್ಲಿ ಹಿಂದಿರುಗುವುದು ಅವರ ಸಂಕಲ್ಪವಾಗಿದ್ದಿತು. ದಾರಿಯುದ್ದಕ್ಕೂ ಪತ್ರಿಕೆ, ದೂರದರ್ಶನದವರ ಸಂದರ್ಶನಗಳು. ಮೊದಲ ರಾತ್ರಿ ವಯೋಮಿಂಗ್ ಪ್ರಾಂತದ ಷೈಯೆನ್ ನಗರದಲ್ಲಿ ತಂಗಿದರು.

ಷೈಯೆನ್ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 6150 ಅಡಿ ಎತ್ತರದಲ್ಲಿದೆ. ಕಡೂರು ಸುಮಾರು 2500 ಅಡಿ; ಮುಳ್ಳಯ್ಯನಗಿರಿಯ ಶಿಖರ ಸುಮಾರು 6330 ಅಡಿ. ಎಂದರೆ, ಆ ಗಿರಿಯ ನೆತ್ತಿಯ ಬಳಿ ಓಡುದಾರಿಯನ್ನು ಹಾಸಿದಂತಾಯಿತು! ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿನಿಂದ ಹೋಗಿ ಗಿರಿಯನ್ನೇರಿದವರು ಏದುಸಿರು ಬಿಡುವುದುಂಟಷ್ಟೆ. ತೆಳುವಾದ ಗಾಳಿಯಲ್ಲಿ ಎಂಜಿನ್ನಿನ ಶಕ್ತಿಯೂ ಕುಗ್ಗುವುದು, ರೆಕ್ಕೆಗಳನ್ನು ಎತ್ತಿಹಿಡಿಯಲು ಹೆಚ್ಚು ವೇಗ ಬೇಕಾಗುವುದು, ಏರುವಿಕೆ ನಿಧಾನವಾಗುವುದು. ಕಡಲತೀರದಲ್ಲಿ ಹಾರಾಡಿದ ಶಿಕ್ಷಕರಿಗೆ ಈ ಎತ್ತರದ ಅಭ್ಯಾಸ ಸಾಲದಾಗಿದ್ದಿತು.

ಮೇಲಾಗಿ ಭಾರ. ಆ ವಿಮಾನಕ್ಕೆ ಸಮ್ಮತವಾದ ಗರಿಷ್ಠ ತೂಕ 2500 ಪೌಂಡು. ಹೊರಟಾಗ ಇದ್ದುದು ಅದಕ್ಕಿಂತ 96 ಪೌಂಡು ಅಧಿಕ. ಸುಮಾರು 44 ಕಿಲೋ, ಒಂದು ಸಿಮೆಂಟು ಚೀಲದಷ್ಟೂ ಅಲ್ಲ. ಬಯಲುಸೀಮೆಯ ಬಸ್ಸಿನ ಟಾಪಿನ ಮೇಲೆ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯರು.

ಬೆಳಿಗ್ಗೆ ಗುಡುಗುಮಳೆಯ ಮೋಡ ನಿಲ್ದಾಣದತ್ತ ಸರಿಯುತ್ತಿದ್ದಿತು. ಕಣ್ಣಳತೆಯಿಂದ ಹಾರಲು ಬೇಕಾದ ಗೋಚರತೆ ಇಲ್ಲವೆಂದು ನಿಯಂತ್ರಕರು ತಿಳಿಸಿದಾಗ ಶಿಕ್ಷಕರು ವಿಶೇಷಾನುಮತಿ ಪಡೆದು ಹೊರಟರು. ಕೆಲವೇ ಕ್ಷಣಗಳಲ್ಲಿ ವೇಗ ಕುಸಿಯಿತು. ವೇಗ ತಗ್ಗಿ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಳ್ಳುವ ಈ ಸ್ಥಿತಿಯನ್ನು ಚಾಲಕರು ‘ಸ್ಟಾಲ್’ ಎನ್ನುವರು. ವಿಮಾನವು ಸಮೀಪದ ವಸತಿಬೀದಿಯೊಂದರಲ್ಲಿ ಬಿದ್ದಿತು.

ಎತ್ತರ, ಭಾರ, ಮಳೆ: ಮೂರೂ ಮುಂಚೆಯೇ ತಿಳಿಯಬಹುದಾಗಿದ್ದ ಸಂಗತಿಗಳು. ಒಂದು ದಿನ ತಡೆದಿದ್ದರೆ ಮಳೆ ಸರಿದುಹೋಗುತ್ತಿದ್ದಿತು. ಆದರೆ ಎಂಟು ದಿನಗಳ ಪಟ್ಟಿಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಪತ್ರಿಕೆಯವರಿಗೆ ಕೊಟ್ಟ ಮಾತುಗಳಿಂದಾಗಿ ಆ ಅತಿಯಾಸೆಯ ವೇಳಾಪಟ್ಟಿಗೆ ಅಂಟಿಕೊಂಡುದೂ ಒಂದು ಕಾರಣವೆಂದು ಮಂಡಲಿಯು ಸ್ಪಷ್ಟವಾಗಿ ದಾಖಲಿಸಿದೆ. ನನಗೆ ತೋರುವಂತೆ ವರದಿಯ ತಿರುಳು ಇದೇ.

ಅದೇ ವರ್ಷ ಅಮೆರಿಕದ ಸಂಸತ್ತು ಶಾಸನವೊಂದನ್ನು ಮಾಡಿ, ದಾಖಲೆ ಸ್ಥಾಪಿಸುವ ಉದ್ದೇಶದಿಂದ ಪರವಾನಗಿಯಿಲ್ಲದವರು ವಿಮಾನ ನಡೆಸುವುದನ್ನು ಚಾಲಕರು ಬಿಡಕೂಡದೆಂದು ವಿಧಿಸಿತು. ಹಿರಿಯರ ವೇಳಾಪಟ್ಟಿಯನ್ನು ಕುರಿತು ಶಾಸನ ಮಾಡುವುದು ಬಹುಶಃ ಯಾವ ಸಂಸತ್ತಿಗೂ ಆಗದು.