ಕಾಫಿಯ ಮೊದಲ ಗುಟುಕು

ಪೆನುಕೊಂಡದಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಒಬ್ಬನೇ ಹಿಂದೂಪುರಕ್ಕೆ ಹೋಗಿದ್ದೆ. ತಿಂಗಳುಗಟ್ಟಲೆ ಬಿಡದ ಎದೆಯುರಿಗೆ ಎಂಡೋಸ್ಕೋಪಿ ಮಾಡಿಸಬೇಕಿತ್ತು. ಗಂಟಲಿಗೆ ಲಿಗ್ನೋಕೇನ್ ಸ್ಪ್ರೇ ಹೊಡೆದರು. ಬಾಯೆಲ್ಲ ಕಹಿ. ಒಂದೆರಡು ನಿಮಿಷದಲ್ಲಿ ನಾಲಿಗೆಯ ಬುಡ ದಪ್ಪವಾದಂತಾಗಿ, ಉಗುಳು ನುಂಗಿದೆನೋ ಇಲ್ಲವೋ ತಿಳಿಯದಾಯಿತು. ಉಸಿರೇ ಕಟ್ಟುತ್ತಿದೆ ಎಂದು ಹೆದರಿದೆ. ಗಂಟಲು ಮರಗಟ್ಟಿದರೆ ಹಾಗನ್ನಿಸುತ್ತದೆ, ಉಸಿರಿನ ದಾರಿ ಮುಚ್ಚುವುದಿಲ್ಲ ಎಂದು ಯಾರೂ ಮೊದಲೇ ಹೇಳಿರಲಿಲ್ಲ.

ಎಡಮಗ್ಗುಲಿಗೆ ಮಲಗಿಸಿ ಕಿರುಬೆರಳಿಗಿಂತ ಸಣ್ಣ ಕೊಳವೆ ಇಳಿಸಿದರು. ಸ್ಪ್ರೇ ಹಾಕಿದರೂ ಓಕರಿಕೆ ಪೂರ್ತಿ ನಿಲ್ಲುವುದಿಲ್ಲ. ಉಗುಳು ನುಂಗಲು ಹೋದಷ್ಟೂ ಕೆಮ್ಮು ಹೆಚ್ಚಿತು. ಬಾಯಿಂದ ಸುರಿಯಲು ಬಿಟ್ಟು ಮೂಗಿನಲ್ಲಿ ನಿಧಾನವಾಗಿ ಉಸಿರಾಡಿ ಎಂದು ನರ್ಸಮ್ಮ ತೆಲುಗಿನಲ್ಲಿ ಹೇಳಿದ ಮೇಲೆ ಸುಲಭವಾಯಿತು. ಹತ್ತು ನಿಮಿಷದೊಳಗೆ ಎಲ್ಲ ಮುಗಿಯಿತು.

ತಪ್ಪು ಮಾಡಿದ್ದು ಆಮೇಲೆ. ಹಸಿವು ತಡೆಯದೆ ನೇರ ಬಸ್ ಸ್ಟಾಂಡಿಗೆ ಬಂದು ಕಾಫಿ ಕುಡಿದೆ. ಮೊದಲ ಗುಟುಕೇ ಉಸಿರಿನ ದಾರಿ ಹಿಡಿಯಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ. ಮರಗಟ್ಟಿದ ಗಂಟಲು ಸರಿಯಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರೊಳಗೆ ಕುಡಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು, ಬಿಸಿಯೂ ಗೊತ್ತಾಗದೆ ಸುಡಬಹುದು. ನುಂಗುವುದು ಸಲೀಸಾದ ಮೇಲೆ, ಮೊದಲು ಒಂದೇ ಗುಟುಕು ತಣ್ಣೀರು.

ಎರಡು ವರ್ಷದ ಮೇಲೆ ಅಮ್ಮನಿಗೂ ಅದೇ ಪರೀಕ್ಷೆ ಬಂತು, ಬೆಂಗಳೂರಿನಲ್ಲಿ. ಹೆದರುವ ಜೀವ ಎಂದು ನಾನೇ ಕೇಳಿ ನಿದ್ದೆ ಇಂಜೆಕ್ಷನ್ ಕೊಡಿಸಿದೆ. ಮಿಡಜೋಲಮ್ ಕೊಟ್ಟರು. ಅದು ಉಸಿರಾಟವನ್ನು ನಿಧಾನ ಮಾಡಬಹುದಾದ್ದರಿಂದ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿದ್ದರು. ಕೊಡುವ ಮೊದಲೇ ಆಸ್ತಮಾ, ಗೊರಕೆ, ದಿನಾ ನುಂಗುವ ಮಾತ್ರೆಗಳು, ಅಲ್ಲಾಡುವ ಹಲ್ಲು ಎಲ್ಲವನ್ನೂ ಕನ್ನಡದಲ್ಲೇ ವಿಚಾರಿಸಿಕೊಂಡರು. ಅಮ್ಮನ ಅರ್ಧ ಭಯ ಅಲ್ಲೇ ಹೋಯಿತು. ಹೊರಗೆ ತಂದು ಅರ್ಧ ಗಂಟೆಯಾದ ಮೇಲೆ ಕೇಳಿದಳು: "ನನ್ನ ಯಾವಾಗ ಒಳಗೆ ಕರೀತಾರಪ್ಪ?" ಕೊಳವೆ ಹೋಗಿ ಬಂದದ್ದೇ ಅವಳ ನೆನಪಿನಲ್ಲಿರಲಿಲ್ಲ.

ಆದರೆ ಆ ಇಂಜೆಕ್ಷನ್ ತೆಗೆದುಕೊಂಡವರು ಒಬ್ಬರೇ ಊರಿಗೆ ಮರಳುವಂತಿಲ್ಲ. 24 ಗಂಟೆ ಗಾಡಿ ಓಡಿಸಬಾರದು, ಪತ್ರಗಳಿಗೆ ಸಹಿ ಹಾಕಬಾರದು. ಆವತ್ತು ಒಬ್ಬನೇ ಬಸ್ಸಿಗೆ ಹೋಗಿದ್ದ ನನಗೆ ಬರೀ ಸ್ಪ್ರೇಯೇ ಸರಿಯಾಗಿತ್ತು. ಹೇಳಿ ಮಾಡಿದ್ದರೆ ಸಾಕಿತ್ತು.

ಹೆಸರು ಬರೆಸುವ ದಿನವೇ ಕೇಳಿ: ಬರೀ ಸ್ಪ್ರೇಯೋ, ನಿದ್ದೆಯೂ ಬರಿಸುತ್ತಾರೋ? ಮನೆಯ ಹಿರಿಯರಿಗಾದರೆ, ಅವರಾಡುವ ಭಾಷೆಯಲ್ಲೇ ಒಮ್ಮೆ ಹೇಳಿಸಿ.