ಹುಣಸೆಮರದ ದೂರದ ನೆಂಟ

ಹುಣಸೆಮರಕ್ಕೆ ಕಲ್ಲು ಹೊಡೆಯದವರು ನಮ್ಮ ತರಗತಿಯಲ್ಲಿ ಯಾರೂ ಇಲ್ಲ. ಆ ಮರದ ನೆಂಟ ಒಂದು ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಕಾಡುಗಳಲ್ಲಿದೆ. ಬ್ರೆಜಿಲ್‌ನವರು ಅದನ್ನು ಜಟೋಬಾ ಅಂತಾರೆ. ವಿಜ್ಞಾನದ ಹೆಸರು ಹೈಮೆನಿಯಾ ಕೌರ್ಬಾರಿಲ್. ಇದು ನಮ್ಮ ತೊಗರಿ, ಅವರೆಗಳ ಕುಟುಂಬಕ್ಕೇ ಸೇರಿದ್ದು. ಆದರೆ ತೊಗರಿ ಗಿಡ ಎಲ್ಲಿ, 30 ಮೀಟರಿಗೂ ಎತ್ತರ ಹೋಗುವ ಈ ಮರ ಎಲ್ಲಿ! ಇದರ ಎಲೆಗಳು ಎರಡೆರಡು ಜೋಡಿಯಾಗಿರುತ್ತವೆ. ಅದಕ್ಕೇ ಗ್ರೀಕರ ಮದುವೆ ದೇವರ ಹೆಸರಿಟ್ಟಿದ್ದಾರೆ. ಬಿಳಿ ಹೂವು ರಾತ್ರಿ ಅರಳುತ್ತದೆ, ಬಾವಲಿಗಳಿಂದ ಪರಾಗಸ್ಪರ್ಶ ಆಗುತ್ತದೆ.

ತೊಗಟೆಗೆ ಗಾಯವಾದರೆ ಈ ಮರ ರಾಳ ಸುರಿಸುತ್ತದೆ. ಅಂಟು ಬೇರೆ, ರಾಳ ಬೇರೆ. ಕಿರುಪರೀಕ್ಷೆಯಲ್ಲಿ ನಾನು ಎರಡೂ ಒಂದೇ ಅಂತ ಬರೆದು ಅಂಕ ಕಳಕೊಂಡೆ. ಆಮೇಲೆ ಮನೇಲಿ ಎರಡು ಲೋಟ ನೀರಿಟ್ಟು, ಒಂದಕ್ಕೆ ಜಾಲಿ ಅಂಟು, ಇನ್ನೊಂದಕ್ಕೆ ಅಜ್ಜಿ ಧೂಪಕ್ಕೆ ಇಟ್ಟಿದ್ದ ರಾಳ ಹಾಕಿದೆ. ಬೆಳಗಾಗೋದರೊಳಗೆ ಅಂಟು ಕರಗಿ ಲೋಳೆಯಾಗಿತ್ತು. ರಾಳ ಹಾಕಿದ ಹಾಗೇ ಇತ್ತು. (ಅಜ್ಜಿ ಬೈದದ್ದು ಬೇರೆ ಮಾತು.)

ಈ ರಾಳ ಗಾಯ ಮುಚ್ಚಿ ಹುಳು, ಬೂಷ್ಟು ಒಳಗೆ ಹೋಗದಂತೆ ತಡೆಯುತ್ತದೆ. ಎಲೆಯಲ್ಲೂ ಇಂಥ ರಕ್ಷಣೆ ಇದೆ. ಆ ಕಾಡಿನಲ್ಲಿ ಎಲೆ ಕತ್ತರಿಸುವ ಇರುವೆಗಳಿವೆ. ಅವು ಎಲೆ ಚೂರುಗಳನ್ನು ಗೂಡಿಗೆ ಹೊತ್ತು, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಅಂದರೆ ಇರುವೆಗಳೂ ರೈತರೇ! ಜಟೋಬಾ ಎಲೆಯಲ್ಲಿರುವ ಒಂದು ವಸ್ತು ಆ ಶಿಲೀಂಧ್ರಕ್ಕೇ ವಿಷ ಎಂದು 1983ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೆಳೆಯೇ ಸತ್ತರೆ ಊಟ ಎಲ್ಲಿ? ಇರುವೆಗಳು ಬೇರೆ ಮರ ಹುಡುಕುತ್ತವೆ.

ಡೊಮಿನಿಕನ್ ಗಣರಾಜ್ಯದಲ್ಲಿ ಸಿಗುವ ಅಂಬರ್, ಇದೇ ಜಾತಿಯ ಅಳಿದುಹೋದ ಮರದ ರಾಳ. ಸುಮಾರು ಒಂದೂವರೆಯಿಂದ ಎರಡು ಕೋಟಿ ವರ್ಷ ಹಳೆಯದು. ಅದರೊಳಗೆ ಇರುವೆ, ಜೇನುನೊಣ, ಹಲ್ಲಿಗಳು ಹಾಗೇ ಸಿಕ್ಕಿವೆ. ಡೈನೋಸಾರ್ ಕಾಲದ್ದೇನಲ್ಲ, ಅವು ಅದಕ್ಕೂ ಬಹಳ ಮೊದಲೇ ಅಳಿದಿದ್ದವು.

ಇನ್ನು ಕಾಯಿ. ಒಳಗಿನ ಹಿಟ್ಟು ಸಿಹಿ, ತಿನ್ನಬಹುದು. ಆದರೆ ಅದರ ವಾಸನೆಗೆ ಕೆರಿಬಿಯನ್ ದ್ವೀಪದವರು ‘ನಾರುವ ಕಾಲ್ಬೆರಳು’ ಅಂತ ಹೆಸರಿಟ್ಟಿದ್ದಾರೆ! ಸಿಪ್ಪೆ ಮರದ ಹಲಗೆಯಷ್ಟು ಗಟ್ಟಿ, ತಾನಾಗಿ ಒಡೆಯುವುದಿಲ್ಲ. ಅಗೂಟಿ ಎಂಬ, ಮೊಲದಷ್ಟು ದೊಡ್ಡ ಇಲಿಜಾತಿಯ ಪ್ರಾಣಿ ಅದನ್ನು ಕಡಿದು, ಬೀಜಗಳನ್ನು ಅಲ್ಲಲ್ಲಿ ಮಣ್ಣಲ್ಲಿ ಹೂತಿಡುತ್ತದೆ. ಮರೆತು ಬಿಟ್ಟ ಬೀಜ ಮೊಳೆಯುತ್ತದೆ. ಅಗೂಟಿಯನ್ನು ಬೇಟೆಯಾಡಿ ಮುಗಿಸಿದ ಕಡೆ ಕಾಯಿಗಳು ತಾಯಿಮರದ ಕೆಳಗೇ ಬಿದ್ದಿರುತ್ತವೆ, ಬೀಜಗಳು ಒಳಗೇ ಕೊಳೆಯುತ್ತವೆ.